ಒಂಬತ್ತನೇ ದಾಟು

ಜನವರಿ 10, 1967, ಮಂಗಳವಾರ

ಈ ಚೌಕಳಿ ಹಾಳೆಯ ಪುಸ್ತಕ ಗೆರ್ಮನ್ ಕೊಟ್ಟಿದ್ದು. 'ಬೆಳ್ಳಿ ಮಗ್ಗ' ಬ್ಯಾಲೆಯನ್ನು ಮತ್ತೆ ರಂಗಕ್ಕೆ ತರುತ್ತಾನಂತೆ. ಎರಡನೇ ಅಂಕದಲ್ಲಿ ಬರುವ ನೂಲುವ ಹುಡುಗಿಯರ ಕುಣಿತವನ್ನು ನೆನಪಿದ್ದಷ್ಟು ಬರೆದುಕೊಡಿ ಎಂದಿದ್ದಾನೆ. ಪುಸ್ತಕದ ಮುಂದಿನ ಪುಟಗಳು ಅವನಿಗೆ. ಹಿಂದಿನಿಂದ ಶುರುಮಾಡಿ ನಾನು ನನಗಾಗಿ ಬರೆದುಕೊಳ್ಳುತ್ತೇನೆ. ಮನೆಯಲ್ಲಿ ಯಾರ ಹತ್ತಿರವೂ ಸುಸ್ತಾಯಿತು ಎಂದು ಹೇಳುವ ಅಭ್ಯಾಸ ನನಗಿಲ್ಲ.

ಗೆರ್ಮನ್ ಈಗ ನಾಟ್ಯ ನಿರ್ದೇಶಕ. ಹತ್ತು ವರ್ಷದವನಾಗಿದ್ದಾಗ ನಮ್ಮ ಬ್ಯಾಲೆ ಶಾಲೆಯಲ್ಲಿ ಅವನ ಮೂಗು ಒರೆಸಿದವಳು ನಾನು. ಇವತ್ತು ತನ್ನ ಕೋಣೆಯ ಬಾಗಿಲಿಗೇ ಎದ್ದು ಬಂದು ಸ್ವಾಗತಿಸಿದ.

"ಕಪಿತೋಲಿನಾ ಪ್ಲಾತೊನೊವ್ನಾ, ಆ ಕುಣಿತ ಯಾವ ಕಾಗದದಲ್ಲೂ ಇಲ್ಲ. ನಿಮ್ಮ ಕಾಲಲ್ಲಿ ಮಾತ್ರ ಇದೆ" ಎಂದ.

"ಕಾಲು ಹೋಗಿ ಎಷ್ಟೋ ಕಾಲ ಆಯ್ತು. ತಲೇಲಿದೆ" ಎಂದೆ.

ಮೂವತ್ತೆಂಟನೇ ಇಸವಿಯಲ್ಲಿ ಕೊನೆಯ ಪ್ರದರ್ಶನ. ಅದಾದ ಮೇಲೆ ಯುದ್ಧ, ಶತ್ರುಗಳು ಊರಿಗೆ ಹಾಕಿದ ಮುತ್ತಿಗೆ, ಹಸಿವು. ಕುಣಿದವರಲ್ಲಿ ಈ ಊರಿನಲ್ಲಿ ಉಳಿದಿರುವವರು ಇಬ್ಬರೇ. ಇನ್ನೊಬ್ಬಳ ಹೆಸರು ಇಲ್ಲಿ ಬೇಡ.

ನಾಲ್ಕು ಮಹಡಿ ಹತ್ತಿ ಮನೆಗೆ ಬರುವಾಗ ಮೂರು ಕಡೆ ನಿಂತೆ. ಮಗಳು ತಮಾರಾ ಕದದ ಬಳಿ ನಿಂತು ನೋಡುತ್ತಿದ್ದಳು. ಬೀಗದ ಕೈ ಹುಡುಕುತ್ತಿದ್ದೆ ಎಂದು ಹೇಳಿದೆ.

ಜನವರಿ 17

ಮೊದಲ ತಾಲೀಮು. ಹದಿನಾರು ಹುಡುಗಿಯರು, ಎಂಟೆಂಟರ ಎರಡು ಸಾಲು. ಬಲಸಾಲಿನ ಮುಂದೆ ಲ್ಯುದ್ಮೀಲಾ, ಎಡಸಾಲಿನ ಮುಂದೆ ಪೆರ್ಮ್ ಊರಿನಿಂದ ಹೊಸದಾಗಿ ಬಂದ ಒಬ್ಬಳು. ಎರಡು ಸಾಲುಗಳೂ ಮೂಲೆಗಳಿಂದ ಹೊರಟು, ನಡುವೆ ಒಂದರೊಳಗೊಂದು ಹೆಣೆದುಕೊಂಡು, ಎದುರು ಮೂಲೆ ಸೇರಬೇಕು. ಹಾಸು ಮತ್ತು ಹೊಕ್ಕಿನ ಹಾಗೆ. ಹೀಗೆ ಒಂಬತ್ತು ದಾಟು. ಎಂಬತ್ತು ವರ್ಷದ ಹಿಂದೆ ಇದನ್ನು ಕಟ್ಟಿದ ಫ್ರೆಂಚ್ ಮೇಷ್ಟರಿಗೆ ರಷ್ಯನ್ ಮಾತು ನಾಲ್ಕು ಪದವೂ ಬರುತ್ತಿರಲಿಲ್ಲವಂತೆ. ಊಟದ ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ ಸರಿಸಿ ಸರಿಸಿ ಕಟ್ಟಿದರೆಂದು ನನ್ನ ಗುರು ಹೇಳುತ್ತಿದ್ದಳು.

ಹುಡುಗಿಯರ ಕಾಲು ಕಿವಿಯ ತನಕ ಹೋಗುತ್ತದೆ. ನನ್ನ ಗುರುವಿನ ಗುರು ಹಿಮ್ಮಡಿ ಮುಟ್ಟುವ ಲಂಗದಲ್ಲಿ ಕುಣಿದವಳು. ಗುರುವಿನ ಕಾಲಕ್ಕೆ ಅದು ಮೊಣಕಾಲಿಗೆ ಬಂತು. ನಮ್ಮ ಕಾಲಕ್ಕೆ ಇನ್ನೂ ಮೇಲೆ. ಲಂಗ ಗಿಡ್ಡವಾದಷ್ಟೂ ಕಾಲು ಏರಿತು. ಇಟಲಿಯವರು ಬಂದು ಗಟ್ಟಿ ಮೂತಿಯ ಷೂಗಳಲ್ಲಿ ಬುಗುರಿಯ ಹಾಗೆ ತಿರುಗಿ ತೋರಿಸಿದ ಮೇಲೆ ಎಲ್ಲರಿಗೂ ತಿರುಗುವ ಹುಚ್ಚು. ಆದರೂ ನಮ್ಮ ಮೇಷ್ಟರು ಕಾಲು ಸೊಂಟ ದಾಟಿದರೆ ಕೋಲಿನಿಂದ ಕೆಳಗಿಳಿಸುತ್ತಿದ್ದರು.

"ಇಳಿಸು" ಎಂದೆ ಪೆರ್ಮಿನವಳಿಗೆ.

"ಎಷ್ಟಿಳಿಸ್ಲಿ?"

"ನಾಚಿಕೆ ಆಗೋಷ್ಟು."

ಹುಡುಗಿಯರು ನಕ್ಕರು. ಅವಳೂ ನಕ್ಕಳು. ಅದು ನನಗೆ ಸರಿಬರಲಿಲ್ಲ.

ಜನವರಿ 24

ಎಂಟು ದಾಟು ಚೆನ್ನಾಗಿ ಕೂತಿವೆ. ಒಂಬತ್ತರಲ್ಲಿ ಡಿಕ್ಕಿ. ಪೆರ್ಮಿನವಳ ಭುಜ ಲ್ಯುದ್ಮೀಲಾಳ ಎದೆಗೆ ತಾಗಿ ಇಬ್ಬರೂ ಕೂತುಬಿಟ್ಟರು. ಹಿಂದಿನವರು ಅವರ ಮೇಲೆ ಬಿದ್ದರು. ಪಿಯಾನೊ ನುಡಿಸುವ ಓಸಿಪ್ ಮಾರ್ಕೊವಿಚ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ನಮ್ಮ ಟ್ರಾಮು ನಿಲ್ದಾಣ ಇದಕ್ಕಿಂತ ವಾಸಿ" ಎಂದ.

ಕಾಲು ಮೇಲೆತ್ತಿದರೆ ಇಳಿಯುವುದಕ್ಕೆ ಹೊತ್ತು ಬೇಕು. ಅದಕ್ಕೇ ತಡವಾಗುತ್ತಿದೆ. ಇಳಿಸಿ ಎಂದೆ. ಇಳಿಸಿದರು.

ಜನವರಿ 25

ಮತ್ತೆ ಡಿಕ್ಕಿ.

ಜನವರಿ 26

ಮತ್ತೆ. ನೆಲ ಜಾರುತ್ತಿರಬಹುದೆಂದು ನೀರು ಚಿಮುಕಿಸಿ, ಷೂ ತುದಿಗೆ ರಾಳದ ಪುಡಿ ಹಚ್ಚಿಸಿ, ಮೂರು ಸಲ ಮಾಡಿಸಿದೆ. ಮೂರು ಸಲವೂ ಅದೇ ಜಾಗ.

ಸುಸ್ತು. ಸೂಪು ತಣ್ಣಗಾಗಿತ್ತು. ನಾನು ಕೂರದೆ ಯಾರೂ ಚಮಚ ಮುಟ್ಟುವ ಹಾಗಿಲ್ಲ ಎಂಬುದು ಈ ಮನೆಯ ಪದ್ಧತಿ. ಇವತ್ತು ನಾನು ಕೂತ ಮೇಲೂ ಯಾರೂ ಮುಟ್ಟಲಿಲ್ಲ. ನನ್ನ ಮುಖ ನೋಡುತ್ತಿದ್ದರು.

ಫೆಬ್ರವರಿ 3, ಶುಕ್ರವಾರ

ಗೆರ್ಮನ್ ತಾಲೀಮು ನೋಡಲು ಬಂದಿದ್ದ. ಮುಗಿದ ಮೇಲೆ ನನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದ.

"ಎಡಸಾಲಿನ ಹೆಜ್ಜೆ ಯಾರು ಹೇಳಿಕೊಟ್ಟಿದ್ದು?"

"ನಾನೇ. ಬಲಸಾಲಿನದನ್ನ ಕನ್ನಡೀಲಿ ನೋಡಿದ ಹಾಗೆ. ಇದನ್ನೂ ಕೇಳ್ತಾರಾ?"

"ನೀವು ಬಲಸಾಲಿನ ಮುಂದಾಳು ಅಲ್ವಾ?"

"ಏಳು ವರ್ಷ. ಮುಂದಾಳು ಅಕ್ಕಪಕ್ಕ ನೋಡೋದಿಲ್ಲ, ಗೆರ್ಮನ್. ಅವಳು ನೋಡಿದ್ರೆ ಹಿಂದಿನ ಏಳು ಜನವೂ ನೋಡ್ತಾರೆ."

ಮಾರ್ಚ್ ಹತ್ತರೊಳಗೆ ಒಂಬತ್ತನೇ ದಾಟು ಸರಿಹೋಗದಿದ್ದರೆ ಇಡೀ ಕುಣಿತವನ್ನೇ ಬಿಟ್ಟು ಹೊಸದಾಗಿ ಕಟ್ಟಿಸುತ್ತಾನಂತೆ. ಅವನ ಕಣ್ಣು ನೆಲದ ಮೇಲಿತ್ತು. ಹತ್ತು ವರ್ಷದವನಿದ್ದಾಗಲೂ ತಪ್ಪು ಮಾಡಿದರೆ ಹಾಗೆಯೇ ನೋಡುತ್ತಿದ್ದ.

ಕುಣಿತದಲ್ಲಿ ತಪ್ಪಿಲ್ಲ. ತಪ್ಪಿರುವುದು ಆ ಪೆರ್ಮಿನವಳಲ್ಲಿ. ಅವಳಿಗೆ ಎಣಿಕೆ ಬರುವುದಿಲ್ಲ.

ಫೆಬ್ರವರಿ 9

ಪೆರ್ಮಿನವಳ ಮೇಲೆ ಬರೆದು ಕೊಟ್ಟೆ. ಹೊಸಬರನ್ನು ಒಂದು ವರ್ಷ ನೋಡಿ, ಉಳಿಸಿಕೊಳ್ಳಬೇಕೇ ಬೇಡವೇ ಎಂದು ಮಾರ್ಚಿನಲ್ಲಿ ಸಮಿತಿ ತೀರ್ಮಾನಿಸುತ್ತದೆ. ಹಿರಿಯರು ಅಭಿಪ್ರಾಯ ಕೊಡಬೇಕು. "ರಿಮ್ಮಾ ಜುಯೆವಾ ಸಂಗೀತದ ಎಣಿಕೆ ಹಿಡಿಯಲಾರಳು, ಮುಂದೆ ನುಗ್ಗುತ್ತಾಳೆ, ಸಾಲಿನಲ್ಲಿ ಕುಣಿಯಲು ಯೋಗ್ಯಳಲ್ಲ" ಎಂದು ಬರೆದೆ. ಹಿಂದೆಯೂ ಒಮ್ಮೆ ಇದೇ ಮಾತು ಹೇಳಬೇಕಾಗಿ ಬಂದಿತ್ತು.

ಅದು ಮೂವತ್ತೊಂದರ ನವೆಂಬರು. ಬಲಸಾಲಿನ ಕೊನೆಯವಳಾಗಿದ್ದ ನನ್ನನ್ನು ತಾಲೀಮೂ ಇಲ್ಲದೆ ಒಮ್ಮೆಲೇ ಮುಂದಾಳು ಮಾಡಿದರು. ಮೊದಲನೆಯವಳಿಗೆ ಕಾಲು ಮುರಿದಿತ್ತು. ನಾನು ಎತ್ತರಕ್ಕಿದ್ದೆ. ಎಡಸಾಲಿಗೆ ಗ್ಲಫೀರಾ. ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ಪಕ್ಕದ ಮಂಚದವಳು. ತುಂಬಿದ ಸಭಾಂಗಣದ ಎದುರು ಒಂಬತ್ತನೇ ದಾಟಿನಲ್ಲಿ ನನಗೆ ಬಂದು ಡಿಕ್ಕಿ ಹೊಡೆದಳು. ನಾನು ದಬಕ್ಕನೆ ಬಿದ್ದೆ. ಮೇಲಿನ ಅಗ್ಗದ ಸೀಟುಗಳವರು ನಕ್ಕರು. ಪರದೆ ಬಿದ್ದ ಮೇಲೆ ನಮ್ಮ ಮೇಷ್ಟರು ಯಾರ ತಪ್ಪು ಎಂದು ಕೇಳಿದರು. ಅವಳು ನುಗ್ಗಿದಳು ಎಂದೆ. ಇದ್ದದ್ದನ್ನು ಹೇಳಿದೆ. ಅವಳನ್ನು ಸಾಲಿನಿಂದ ತೆಗೆದು, ಹಿಂದೆ ಹೂಬುಟ್ಟಿ ಹಿಡಿದು ನಿಲ್ಲುವವರ ಗುಂಪಿಗೆ ಹಾಕಿದರು. ಎರಡು ವರ್ಷ ಬುಟ್ಟಿ ಹಿಡಿದು ನಿಂತಳು. ಆಮೇಲೆ ಬಿಟ್ಟುಹೋಗಿ ಯಾವುದೋ ಕಾರ್ಖಾನೆಯ ಸಂಘದಲ್ಲಿ ಮಕ್ಕಳಿಗೆ ಕುಣಿತ ಹೇಳಿಕೊಟ್ಟಳು. ಅಂದಿನಿಂದ ಮಾತಿಲ್ಲ.

ಅವಳ ಜಾಗಕ್ಕೆ ಬಂದ ವೇರಾಳ ಜೊತೆ ಏಳು ವರ್ಷ ಒಂದು ಸಲವೂ ಡಿಕ್ಕಿಯಾಗಲಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ವೇರಾ ಮುತ್ತಿಗೆಯ ಮೊದಲ ಚಳಿಗಾಲದಲ್ಲೇ ಸತ್ತಳು.

ಫೆಬ್ರವರಿ 11, ಶನಿವಾರ

ಪೆರ್ಮಿನವಳು ಮನೆಗೇ ಬಂದಳು. ಕೈಯಲ್ಲಿ ಏನೂ ಇಲ್ಲ, ಬರೀ ಕೈ. ಬರುವಾಗ ಒಂದು ಬಿಸ್ಕತ್ತಿನ ಪೊಟ್ಟಣವಾದರೂ ತರಬೇಕೆಂಬ ಬುದ್ಧಿಯಿಲ್ಲ. ಬೂಟು ಬಿಚ್ಚಿ, ತೂತಾದ ಕಾಲುಚೀಲದಲ್ಲಿ ನಿಂತಳು.

"ಕಪಿತೋಲಿನಾ ಪ್ಲಾತೊನೊವ್ನಾ, ನೀವು ನನ್ ಮೇಲೆ ಬರ್ದು ಕೊಟ್ಟಿದೀರಂತೆ."

"ಕೊಟ್ಟಿದೀನಿ."

"ನಾನು ಎಣಿಸ್ತೀನಿ. ದಿನಾ ಟ್ರಾಮಲ್ಲೂ ಎಣಿಸ್ತೀನಿ. ಎಣಿಕೆ ಸರಿಯಾಗೇ ಇದೆ. ಇಬ್ರಿಗೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರೋಕೆ ನೀವೇ ಹೇಳ್ಕೊಟ್ಟಿದೀರಿ."

"ಏನಂದೆ?"

"ನೀವು ಎಡಸಾಲಲ್ಲಿ ಯಾವತ್ತಾದ್ರೂ ಕುಣಿದಿದೀರಾ?"

ಇಪ್ಪತ್ತೆರಡು ವರ್ಷದವಳು ನನ್ನ ಮನೆಯ ಹೊಸ್ತಿಲಲ್ಲಿ ನಿಂತು ನನ್ನನ್ನು ಕೇಳಿದ ಮಾತು ಇದು. ಕದ ತೋರಿಸಿದೆ. ಅವಳು ಬೂಟು ಹಾಕಿಕೊಳ್ಳುವಾಗ ಲಾಡಿ ಕಿತ್ತುಬಂತು. ಗಂಟು ಹಾಕಿಕೊಂಡು ಹೋದಳು.

ತಮಾರಾ ಅಡುಗೆಮನೆಯಿಂದ ಕೇಳಿದಳು: "ಕುಣಿದಿದೀಯೇನಮ್ಮಾ?"

"ನೀನು ಆಲೂಗಡ್ಡೆ ಸುಲಿ" ಎಂದೆ.

ಫೆಬ್ರವರಿ 15

ಜ್ವರ. ಎದ್ದಿಲ್ಲ.

ಫೆಬ್ರವರಿ 16

ಜ್ವರ. ಹಾಲು, ಜೇನು. ಗೋಡೆಗೆ ಮುಖ ಮಾಡಿ ಮಲಗಿದೆ. ಬೆರಳಲ್ಲಿ ಹೊದಿಕೆಯ ಮೇಲೆ ದಾಟುಗಳನ್ನು ಮಾಡಿ ನೋಡಿದೆ. ಬಲಗೈ ಸರಿಯಾಗಿ ಹೋಗುತ್ತದೆ. ಎಡಗೈಗೆ ಎಲ್ಲಿ ಹೋಗಬೇಕೆಂದು ಗೊತ್ತಿಲ್ಲ, ಸುಮ್ಮನೆ ಬಲಗೈಯನ್ನು ನೋಡಿ ನಕಲು ಮಾಡುತ್ತದೆ.

ಜ್ವರದಲ್ಲಿ ಏನೇನೋ ತೋರುತ್ತದೆ.

ಫೆಬ್ರವರಿ 21

ಎದ್ದೆ. ತಲೆ ಭಾರ. ಪರದೆಗಳನ್ನು ಒಗೆಯಲು ತೆಗೆದಿದ್ದರು, ನಾನು ಹೇಳದೆ. ಗದರಬೇಕಿತ್ತು. ಗದರಲು ಶಕ್ತಿಯಿರಲಿಲ್ಲ.

ತಮಾರಾ ಹಾಸಿಗೆಯ ತುದಿಯಲ್ಲಿ ಕೂತು, "ಗ್ಲಫೀರಾ ಅತ್ತೆ ಇನ್ನೂ ನದಿಯಾಚೆ ಅದೇ ಮನೇಲಿದಾರೆ. ಒಂದು ಕಣ್ಣು ಹೋಗಿದೆಯಂತೆ" ಎಂದಳು.

"ನಾನು ಕೇಳಿದ್ನಾ?"

"ನಾನೂ ಹೇಳ್ಲಿಲ್ಲಪ್ಪ. ಗೋಡೆಗೆ ಹೇಳ್ದೆ."

ಬಾಯಿ ಜೋರು. ಯಾರನ್ನು ಹೋಲುತ್ತಾಳೋ.

ಫೆಬ್ರವರಿ 26, ಭಾನುವಾರ

ಹೋದೆ. ಕೆಲಸದ ಮೇಲೆ ಹೋದೆ, ಬೇರೆ ಯಾವುದಕ್ಕೂ ಅಲ್ಲ. ಮಾರ್ಚ್ ಹತ್ತಕ್ಕೆ ಎರಡೇ ವಾರ ಉಳಿದಿದೆ. ಒಂದು ಪೊಟ್ಟಣ ಬಿಸ್ಕತ್ತು ತೆಗೆದುಕೊಂಡೆ.

ಸೇತುವೆಯ ಮೇಲೆ ಗಾಳಿ. ಅವಳದು ನೆಲದ ಮಟ್ಟದ ಮನೆ, ಪುಣ್ಯಕ್ಕೆ. ಕದ ತೆಗೆದು ತಲೆಯನ್ನು ಓರೆ ಮಾಡಿ ಒಳ್ಳೆಯ ಕಣ್ಣಿನಿಂದ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು. ಬೆನ್ನು ಮಾತ್ರ ಹಾಗೆಯೇ ಇದೆ, ನೆಟ್ಟಗೆ.

"ದಪ್ಪ ಆಗಿದೀಯ ಕಾಪಾ" ಎಂದಳು. ಮೂವತ್ತೈದು ವರ್ಷದ ಮೇಲೆ ಮೊದಲ ಮಾತು, ಅದೂ ಶಾಲೆಯಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರಿನಲ್ಲಿ.

"ನೀನು ಕುಳ್ಳಗಾಗಿದೀಯ."

"ಒಳಗ್ ಬಾ. ಬಿಸಿ ಹೊರಗ್ ಹೋಗುತ್ತೆ."

ಚಹಾ ಇಟ್ಟಳು. ಬಿಸ್ಕತ್ತನ್ನು ಮೂಸಿ ನೋಡಿ ಪಕ್ಕಕ್ಕಿಟ್ಟಳು. ಏಕೆ ಬಂದೆ ಎಂದು ಕೇಳಲಿಲ್ಲ. ಊರಿಗೆಲ್ಲಾ ಗೊತ್ತಿದೆ, ಓಸಿಪ್ ಮಾರ್ಕೊವಿಚ್ ಬಾಯಿ ಮುಚ್ಚಿಕೊಂಡು ಇರುವವನಲ್ಲ.

"ಒಂಬತ್ತನೇದು" ಎಂದೆ.

"ಮತ್ತಿನ್ಯಾವುದು?" ಎಂದಳು.

ಕೈಯಲ್ಲಿ ಮಾಡಿ ನೋಡಿದೆವು. ಕಾಲಿನ ಕೆಲಸವನ್ನು ಕೈಬೆರಳಲ್ಲಿ ಮಾಡಿ ನೆನಪು ಮಾಡಿಕೊಳ್ಳುವುದು ನಾವು ಎಂಟನೇ ವಯಸ್ಸಿನಲ್ಲಿ ಕಲಿತದ್ದು. ಎಣ್ಣೆಬಟ್ಟೆ ಹಾಸಿದ ಮೇಜಿನ ಮೇಲೆ ನನ್ನ ನಾಲ್ಕು ಬೆರಳು ಬಲಸಾಲು, ಅವಳ ನಾಲ್ಕು ಬೆರಳು ಎಡಸಾಲು. ಅವಳು ರಾಗ ಗುನುಗಿದಳು. ನನ್ನ ಗಂಟಲಲ್ಲಿ ಜ್ವರದ ಕಫ. ಮೊದಲ ದಾಟು, ಎರಡನೆಯದು, ಎಂಟರ ತನಕ ಚಹಾ ಲೋಟಗಳ ಮಧ್ಯೆ ಹೆಣೆದುಕೊಂಡು ಹೋದೆವು. ಅವಳ ಸಾಲು ನನ್ನ ಸಾಲಿನ ಕನ್ನಡಿಯಲ್ಲ. ಆರನೆಯದರಲ್ಲಿ ಅವಳು ಹೊರಗಿನಿಂದ ಸುತ್ತಿಬರುತ್ತಾಳೆ. ಇದು ನನಗೆ ಗೊತ್ತೇ ಇರಲಿಲ್ಲ. ಒಂಬತ್ತರಲ್ಲಿ ಬೆರಳಿಗೆ ಬೆರಳು ಬಡಿಯಿತು.

"ನೋಡು, ನುಗ್ಗಿದೆ" ಎಂದೆ.

"ನಾನು ನುಗ್ಗಿಲ್ಲ ಕಣೇ. ನೀನು ನಿಲ್ಲಲಿಲ್ಲ."

"ಎಲ್ಲಿ ನಿಲ್ಲೋದು? ಅಲ್ಲಿ ನಿಲ್ಲೋ ಜಾಗವೇ ಇಲ್ಲ."

"ಐದನೇ ಎಣಿಕೆಗೆ ಬಲಸಾಲು ತುದಿಬೆರಳ ಮೇಲೆ ನಿಲ್ಲುತ್ತೆ. ಒಂದೇ ಒಂದು ಎಣಿಕೆ. ನಾವು ಆರರಲ್ಲಿ ಸುತ್ತಿಬಂದೋರು, ಅಲ್ಲಿಂದ ನಮಗೆ ದಾರಿ ದೂರ. ಆ ಫ್ರೆಂಚ್ ಮೇಷ್ಟರು ಅದಕ್ಕೇ ಹಾಗೆ ಕಟ್ಟಿದ್ದು. ನಿನಗಿಂತ ಮುಂಚೆ ಇದ್ದವಳು ನಿಲ್ತಿದ್ಲು."

"ಹಂಗಾದ್ರೆ ವೇರಾ ಜೊತೆ ಯಾಕೆ ಬಡೀಲಿಲ್ಲ? ಏಳು ವರ್ಷ!"

ಗ್ಲಫೀರಾ ನಕ್ಕಳು. ಹಲ್ಲಿಲ್ಲದ ಕಡೆಯಿಂದ ಗಾಳಿ ಬಂತು. "ವೇರಾಗೆ ನಾನೇ ಹೇಳ್ಕೊಟ್ಟೆ. ಬುಟ್ಟಿ ಹಿಡ್ಕೊಂಡು ಹಿಂದೆ ನಿಂತಿದ್ನಲ್ಲ. 'ಆ ಕಾಪಾ ನಿಲ್ಲೋಳಲ್ಲ, ನೀನೇ ನಿಂತ್ಕೋ, ಇಲ್ದಿದ್ರೆ ನಾಳೆ ನಿನ್ ಕೈಗೂ ಬುಟ್ಟಿ ಬರುತ್ತೆ' ಅಂದೆ."

ನಾನು ಲೋಟ ಸರಿಸಿ ಇನ್ನೊಮ್ಮೆ ಮಾಡೋಣ ಎಂದೆ. ಈ ಸಲ ಮುಂದಾಳಾಗಿ ಅಲ್ಲ, ಅದಕ್ಕೂ ಹಿಂದಿನ ನಾಲ್ಕು ವರ್ಷ ನಾನಿದ್ದ ಜಾಗದಿಂದ, ಸಾಲಿನ ಎಂಟನೆಯವಳಾಗಿ. ಕಣ್ಣು ಮುಚ್ಚಿದೆ. ಬಾಲದವಳಿಗೆ ಮುಂದಿದ್ದವಳ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವಳು ಹೋದರೆ ಹೋಗುವುದು, ನಿಂತರೆ ನಿಲ್ಲುವುದು. ರಾಗ ಐದಕ್ಕೆ ಬಂತು. ನನ್ನ ಎದೆ ತಾನಾಗಿ ಉಬ್ಬಿತು. ಅಲ್ಲಿ ನಾನು ಉಸಿರು ಎಳೆದುಕೊಳ್ಳುತ್ತಿದ್ದೆ. ಇಡೀ ಕುಣಿತದಲ್ಲಿ ಉಸಿರು ಸಿಗುತ್ತಿದ್ದ ಜಾಗ ಅದೊಂದೇ. ಮುಂದಾಳಾದ ಮೇಲೆ ಸಿಗಲಿಲ್ಲ. ಮುಂದಾಳಿಗೆ ಇರುವುದಿಲ್ಲವೇನೋ ಎಂದುಕೊಂಡಿದ್ದೆ.

ಕಣ್ಣು ತೆಗೆದಾಗ ಅವಳ ಬೆರಳುಗಳು ದಾಟಿ ಆಚೆ ತುದಿಗೆ ಹೋಗಿದ್ದವು. ನನ್ನವು ನಿಂತಿದ್ದವು.

ಅವಳು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು.

"ಮೆತ್ತಗಾಗಿದೆ" ಎಂದಳು.

"ಅಂಗಡೀಲಿ ಅದೇ ಇದ್ದಿದ್ದು."

ಟ್ರಾಮಿನಲ್ಲಿ ಸೀಟು ಸಿಗಲಿಲ್ಲ. ಸಿಕ್ಕಿದ್ದರೂ ಎದ್ದೇಳುವುದು ಕಷ್ಟವಾಗುತ್ತಿತ್ತು.

ಫೆಬ್ರವರಿ 28

ಬಲಸಾಲು ಒಂಬತ್ತರಲ್ಲಿ ಐದಕ್ಕೆ ನಿಲ್ಲಬೇಕು ಎಂದು ಹೇಳಿದೆ. ಎಡಸಾಲಿಗೆ ಆರನೆಯದರ ಸುತ್ತು ಹೇಳಿಕೊಟ್ಟೆ. ಲ್ಯುದ್ಮೀಲಾ ನಿಂತಳು. ರಿಮ್ಮಾ ಅವಳ ಮೂಗಿನ ಮುಂದೆ ಹಾದು ಹೋದಳು, ಅವಳ ಹಿಂದೆ ಉಳಿದ ಏಳು ಜನ. ಓಸಿಪ್ ಮಾರ್ಕೊವಿಚ್ ನುಡಿಸುವುದನ್ನೇ ಮರೆತ.

"ನಿಲ್ಲಿಸ್ಬೇಡ್ರೀ!" ಎಂದು ಕೂಗಿದೆ.

ಮುಗಿದ ಮೇಲೆ ಗೆರ್ಮನ್ ಹಿಂದೆಯೇ ಬಂದ. "ಹೇಗೆ ನೆನಪಾಯ್ತು?"

"ನೆನಪಾಯ್ತು" ಎಂದೆ.

ರಿಮ್ಮಾ ಬೆವರು ಒರೆಸಿಕೊಂಡು ಹತ್ತಿರ ನಿಂತಿದ್ದಳು. ಕೈಗಳು ಇನ್ನೂ ಒರಟು, ಮೊಣಕೈ ಚೂಪು. ಅದನ್ನೇ ಹೇಳಿದೆ. ಎಣಿಕೆ ಮಾತ್ರ ಗಡಿಯಾರದ ಹಾಗೆ. ಅದನ್ನು ಹೇಳಲಿಲ್ಲ.

ಮಾರ್ಚ್ 1, ಬುಧವಾರ

ಬರೆದು ಕೊಟ್ಟದ್ದನ್ನು ವಾಪಸು ಪಡೆಯಲು ಕಚೇರಿಗೆ ಹೋದೆ. ಸಮಿತಿ ಸೇರುವುದು ಶುಕ್ರವಾರ. ಕಚೇರಿಯ ಹೆಂಗಸು ಕಡತ ತೆಗೆದು, ಹಾಗೆಲ್ಲಾ ಹರಿದುಹಾಕಲು ಬರುವುದಿಲ್ಲ, ದಾಖಲಾಗಿದೆ, ಇನ್ನೊಂದು ಬರೆದು ಕಾರಣ ಕೊಡಬೇಕು ಎಂದಳು.

"ಜುಯೆವಾಳ ತಪ್ಪಿಲ್ಲ ಅಂತ ಬರ್ಕೊಳ್ಳಿ."

"ಡಿಕ್ಕಿ ಆಗಿದ್ದು ನಿಜ ಅಲ್ವಾ? ತಪ್ಪು ಯಾರದಾದ್ರೂ ಇರ್ಬೇಕಲ್ಲ. ಸಮಿತಿ ಕೇಳುತ್ತೆ."

"ತಪ್ಪು ಬಲಸಾಲಿನ ಮುಂದಾಳಿನದು ಅಂತ ಬರೀರಿ."

ಅವಳು ಟೈಪು ಮಾಡತೊಡಗಿದಳು. "ಅಂದ್ರೆ ಲ್ಯುದ್ಮೀಲಾ. ಅವಳ ಮನೆತನದ ಹೆಸರೇನು?"

"ಲ್ಯುದ್ಮೀಲಾ ಅಲ್ಲ."

"ಬಲಸಾಲಿನ ಮುಂದಾಳು ಲ್ಯುದ್ಮೀಲಾನೇ ತಾನೇ? ಇಲ್ಲಿ ಪಟ್ಟೀಲಿದೆ."

ಬಾಗಿಲಲ್ಲಿ ಇಬ್ಬರು ಹೊಲಿಗೆ ವಿಭಾಗದವರು ತಮ್ಮ ಸರದಿಗೆ ನಿಂತಿದ್ದರು. ಕಿವಿ ಇತ್ತಲೇ ಇತ್ತು. ಕೂರಲು ಕುರ್ಚಿ ಇರಲಿಲ್ಲ. ಮೇಜು ಹಿಡಿದುಕೊಂಡೆ.

"ಕಪಿತೋಲಿನಾ ಪ್ಲಾತೊನೊವ್ನಾ ಲಗೂತಿನಾ ಅಂತ ಬರೀರಿ. ಸಾವಿರದ ಒಂಬೈನೂರ ಮೂವತ್ತೊಂದರಿಂದ."

ಅವಳು ಬೆರಳೆತ್ತಿ ನನ್ನನ್ನು ನೋಡಿದಳು.

"ಅದು ನೀವೇ ಅಲ್ವಾ?"

"ಹೌದು. ಇನ್ನೊಂದು ಸಾಲೂ ಇದೆ, ಬರ್ಕೊಳ್ಳಿ. ಮೂವತ್ತೊಂದನೇ ಇಸವಿ ನವೆಂಬರಿನಲ್ಲಿ ಎಡಸಾಲಿನಿಂದ ತೆಗೆದ ಗ್ಲಫೀರಾ ಸಜಿನಾಳ ತಪ್ಪೂ ಇರಲಿಲ್ಲ."

"ಇದಕ್ಕೂ ಜುಯೆವಾಗೂ ಏನು ಸಂಬಂಧ?"

"ಹೇಳಿದ್ದನ್ನ ಬರೀರಮ್ಮಾ. ನಿಂತು ಕಾಲು ನೋಯ್ತಿದೆ."

ಕಾರ್ಬನ್ ಹಾಳೆ ಇಟ್ಟು ಇನ್ನೊಂದು ಪ್ರತಿ ತೆಗೆಸಿಕೊಂಡೆ. ಲೆಕ್ಕಕ್ಕೆ ಇರಲಿ ಎಂದು. ದಾಖಲೆ ದಾಖಲೆಯೇ.

ಮನೆಗೆ ಬರುವಾಗ ಎರಡನೇ ಮಹಡಿಯಲ್ಲೇ ಕೂತುಬಿಟ್ಟೆ. ತಮಾರಾ ಇಳಿದು ಬಂದಳು. ಬೀಗದ ಕೈ ಎನ್ನಲು ಬಾಯಿ ಬರಲಿಲ್ಲ. "ಸುಸ್ತಾಗಿದೆ" ಎಂದೆ. ಅವಳು ತೋಳು ಹಿಡಿದು ಎಬ್ಬಿಸಿದಳು.

ಮಾರ್ಚ್ 5, ಭಾನುವಾರ

ಶುಕ್ರವಾರ ಸಮಿತಿ ಸೇರಿತು. ರಿಮ್ಮಾಳನ್ನು ಉಳಿಸಿಕೊಂಡರು. ಹೊಲಿಗೆಯವರ ಬಾಯಿಂದ ಸುದ್ದಿ ಇಡೀ ರಂಗಮಂದಿರಕ್ಕೆ ಹರಡಿದೆ. ನಾನು ಬಂದರೆ ಹಜಾರದಲ್ಲಿ ಮಾತು ನಿಲ್ಲುತ್ತದೆ. ನಿಲ್ಲಲಿ.

ಮಧ್ಯಾಹ್ನ ನದಿಯಾಚೆಗೆ ಹೋದೆ. ಎಡಸಾಲಿನ ಕೈಗಳ ಬಗ್ಗೆ ಕೇಳುವುದಿತ್ತು. ಪ್ರತಿಯನ್ನು ಚೀಲದಲ್ಲಿ ಹಾಕಿಕೊಂಡಿದ್ದೆ. ಚಹಾ ಮುಗಿದ ಮೇಲೆ ಮೇಜಿನ ಮೇಲಿಟ್ಟೆ.

ಗ್ಲಫೀರಾ ಅದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು.

"ಕಾರ್ಬನ್ ಅಕ್ಷರ ನನಗೆ ಕಾಣಲ್ಲ. ನೀನೇ ಓದು."

"ಕನ್ನಡಕ ಹಾಕ್ಕೊಂಡು ನೀನೇ ಓದ್ಕೋ."

"ಒಂದು ಕಣ್ಣಿಗೆ ಕನ್ನಡಕ ಯಾರು ಮಾಡ್ಕೊಡ್ತಾರೆ? ಓದೇ."

ಓದಿದೆ. ಅವಳು ನೆಟ್ಟಗೆ ಕೂತು, ಕೈ ಮಡಿಲಲ್ಲಿಟ್ಟುಕೊಂಡು ಕೇಳಿದಳು. ಮುಗಿಯಿತು.

"ಇನ್ನೊಂದ್ಸಲ ಓದು."

ಮತ್ತೆ ಓದಿದೆ. ಪಕ್ಕದ ಕೋಣೆಯವರು ರೇಡಿಯೊ ನಿಲ್ಲಿಸಿದರು.

"ನಿನ್ ಹೆಸರು ಬರೋವಾಗ ಎರಡು ಸಲವೂ ದನಿ ತಗ್ಗಿಸ್ದೆ ಕಾಪಾ. ಮೇಲಿನ ಸೀಟಿನವರಿಗೂ ಕೇಳ್ಬೇಕು. ಮೊದಲಿಂದ."

ಎದ್ದು ನಿಂತು, ಮೊದಲಿನಿಂದ ಓದಿದೆ.